ಭಾನುವಾರದ ಮಾತುಕತೆ: ಪೆರಿಕ್ಲಿಸ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ನಾಯಕ ಪೆರಿಕ್ಲಿಸ್ ಬಗ್ಗೆ ಚರ್ಚೆ. ಅವನ ಕಾಲದಲ್ಲಿ ಕಟ್ಟಿದ ಪಾರ್ಥೆನಾನ್ ದೇವಾಲಯದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸೋಣ. ನ್ಯಾಯಮಂಡಳಿಯಲ್ಲಿ ಕೂರುವವರಿಗೆ ದಿನಗೂಲಿ ಕೊಡಿಸಿದವನು ಇವನು. ಒಂದು ದಿನ ದುಡಿಮೆ ತಪ್ಪಿದರೆ ಒಲೆ ಹೊತ್ತದ ಬಡವನೂ ತೀರ್ಪು ಹೇಳಲು ಬಂದು ಕೂರುವಂತಾಯಿತು. ಆದರೆ ಕ್ರಿ.ಪೂ. 451ರಲ್ಲಿ, ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ ಎಂಬ ಕಾನೂನು ತಂದವನೂ ಇವನೇ! ಮುಂದೆ ಪ್ಲೇಗಿನ ಕಾಲದಲ್ಲಿ, ಹೆಂಡತಿಯಲ್ಲಿ ಹುಟ್ಟಿದ ಅವನ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು. ಆಗ ಮಿಲೆಟಸ್ ಎಂಬ ಬೇರೆ ನಗರದವಳಾದ ತನ್ನ ಸಂಗಾತಿ ಅಸ್ಪೇಸಿಯಾಳಲ್ಲಿ ಹುಟ್ಟಿದ, ಆ ಕಾನೂನಿನಂತೆ ಪೌರನಾಗದ ಮಗನಿಗೆ ಪೌರತ್ವ ಕೊಡಿ ಎಂದು ಜನರನ್ನು ತಾನೇ ಬೇಡಬೇಕಾಯಿತು. ಕೊಟ್ಟರು. (ನನಗಂತೂ ಈ ಭಾಗದ ಮೇಲೇ ಕಣ್ಣು.) ಹೆಂಗಸರಿಗೆ, ಗುಲಾಮರಿಗೆ ಮತವೇ ಇರಲಿಲ್ಲ, ಅದನ್ನೂ ಎತ್ತೋಣ. ತಡವಾಗಿ ಸೇರುವವರು ದಯವಿಟ್ಟು ಮೈಕ್ ಮ್ಯೂಟ್ ಮಾಡಿಕೊಳ್ಳಿ.