ಗೋಕರ್ಣ ಪ್ರವಾಸ: ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಡಿಸೆಂಬರ್ ಎರಡನೇ ವಾರದಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಗೋಕರ್ಣಕ್ಕೆ ಕರೆದೊಯ್ಯುತ್ತಿದ್ದೇವೆ. ಸೋಮವಾರ, ಅಮಾವಾಸ್ಯೆ, ಹುಣ್ಣಿಮೆ ಮೂರನ್ನೂ ಬಿಟ್ಟು ದಿನ ಗೊತ್ತುಮಾಡಲಾಗಿದೆ. ಆ ದಿನಗಳಲ್ಲಿ ದರ್ಶನದ ಸಾಲು ಬೆಳೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚಿ ದಂಡೆಯ ಮರಳೂ ಕಿರಿದಾಗುತ್ತದೆ.

ಮೊದಲಿಗೇ ಹೇಳಿಬಿಡುತ್ತೇನೆ, ಮಕ್ಕಳಿಗೆ ಸಮುದ್ರಸ್ನಾನ ಇರುವುದಿಲ್ಲ. ಕಡಲಲ್ಲಿ ಮಿಂದು, ಮಹಾಗಣಪತಿಗೆ ಕೈಮುಗಿದು, ಆಮೇಲೆ ಮಹಾಬಲೇಶ್ವರನ ದರ್ಶನ ಮಾಡುವುದು ಕ್ಷೇತ್ರದ ಕ್ರಮ ಎಂಬುದು ನಮಗೂ ಗೊತ್ತು. ಮನೆಯ ಹಿರಿಯರು "ಮೂರು ಮುಳುಗು ಹಾಕಿ ಬಾ" ಎಂದು ಹೇಳಿ ಕಳಿಸುವುದೂ ಸಹಜ. ದಯವಿಟ್ಟು ಅವರಿಗೆ ನೀವೇ ತಿಳಿಸಿ ಹೇಳಿ. ಶಿಕ್ಷಕರು ತಂಬಿಗೆಯಲ್ಲಿ ಕಡಲ ನೀರು ತಂದು ಮಕ್ಕಳ ತಲೆಗೆ ಪ್ರೋಕ್ಷಣೆ ಮಾಡುತ್ತಾರೆ, ಅಷ್ಟು ಸಾಕು. 2024ರ ಡಿಸೆಂಬರ್‌ನಲ್ಲಿ ಇದೇ ಕರಾವಳಿಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಅಪಾಯ ಕಣ್ಣಿಗೆ ಕಾಣುವಂತಿರುವುದಿಲ್ಲ. ದಂಡೆಗೆ ಬಡಿದ ನೀರು ಹಿಂದಿರುಗುವಾಗ ಒಂದೆಡೆ ಕೂಡಿ, ಕಿರಿದಾದ ಜಾಡಿನಲ್ಲಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಹಾಗಾಗಿ ಸುತ್ತಲಿಗಿಂತ ಶಾಂತವಾಗಿ ಕಾಣುತ್ತದೆ, ಈಜು ಬಾರದವರು ಅಲ್ಲಿಗೇ ಇಳಿಯುತ್ತಾರೆ. ಮೊಣಕಾಲು ಮಟ್ಟದ ನೀರಿನಲ್ಲೂ ಹಿಂದೆಳೆಯುವ ಅಲೆ ಪಾದದಡಿಯ ಮರಳನ್ನು ಕೊರೆದು ಆಯ ತಪ್ಪಿಸುತ್ತದೆ. ಒಬ್ಬರು ಬಿದ್ದರೆ ಹಿಡಿಯಲು ಹೋದವರೂ ಬೀಳುತ್ತಾರೆ. ಆದ್ದರಿಂದ ಒದ್ದೆ ಮರಳಿನವರೆಗೆ ಮಾತ್ರ ಅನುಮತಿ. ಕಡಲ ಕಡೆಗೆ ಶಿಕ್ಷಕರೇ ಸಾಲಾಗಿ ನಿಂತಿರುತ್ತಾರೆ. ಓಂ ಬೀಚ್‌ನ ಬಂಡೆಗಳ ಮೇಲೆ ಪಾಚಿ ಇರುವುದರಿಂದ ಆ ಕಡೆ ಹೋಗುವುದೇ ಇಲ್ಲ. ಕೋಟಿತೀರ್ಥವೆಂಬ ಪುಷ್ಕರಿಣಿಯ ಮೆಟ್ಟಿಲುಗಳೂ ಜಾರುತ್ತವೆ, ಅದನ್ನು ಮೇಲಿನಿಂದಲೇ ನೋಡಿಸುತ್ತೇವೆ.

ಬಸ್ಸು ಬೆಳಗಿನ ಜಾವ 4ಕ್ಕೆ ಹುಬ್ಬಳ್ಳಿಯ ನಮ್ಮ ಶಾಲೆಯಿಂದ ಹೊರಡುತ್ತದೆ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ, ಅದಕ್ಕೇ ಇಷ್ಟು ಬೇಗ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟದ ತಿರುವುಗಳಲ್ಲಿ ಹಲವು ಮಕ್ಕಳಿಗೆ ವಾಂತಿಯಾಗುತ್ತದೆ. ಹೊರಡುವಾಗ ಹೊಟ್ಟೆತುಂಬ ಹಾಲು ಕುಡಿಸಬೇಡಿ, ಪೂರ್ತಿ ಖಾಲಿ ಹೊಟ್ಟೆಯಲ್ಲೂ ಕಳಿಸಬೇಡಿ. ಎರಡು ಬಿಸ್ಕತ್ತು ಅಥವಾ ಒಂದು ಬಾಳೆಹಣ್ಣು ಸಾಕು. ವಾಂತಿಯ ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಮನೆಯಲ್ಲಿ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಂಥ ಮಕ್ಕಳ ಹೆಸರು ಮೊದಲೇ ತಿಳಿಸಿದರೆ ಮುಂದಿನ ಸೀಟು ಕೊಡುತ್ತೇವೆ. ತಿಂಡಿ ಘಟ್ಟ ಇಳಿದ ನಂತರ.

ಗರ್ಭಗುಡಿಗೆ ಹೋಗುವ ಗಂಡುಮಕ್ಕಳು ಪಂಚೆ ಉಟ್ಟು, ಅಂಗಿ ಬನಿಯನ್ ತೆಗೆಯಬೇಕು. ಪ್ಯಾಂಟು, ಬರ್ಮುಡಾ ನಡೆಯುವುದಿಲ್ಲ. ಹೊಸ ಪಂಚೆ ಸೊಂಟದಲ್ಲಿ ನಿಲ್ಲದೆ ಜಾರುತ್ತದೆ. ಒಮ್ಮೆ ಒಗೆದ ಪಂಚೆಯನ್ನೇ ಕೊಡಿ, ಉಡುವುದನ್ನು ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ. ಹೆಣ್ಣುಮಕ್ಕಳಿಗೆ ದುಪಟ್ಟಾ ಇರುವ ಚೂಡಿದಾರ ಅಥವಾ ಲಂಗ ದಾವಣಿ. ಯಾವುದೇ ಕಾರಣಕ್ಕೆ ಒಳಗೆ ಹೋಗಲಾಗದ, ಹೋಗಲು ಇಷ್ಟವಿಲ್ಲದ ಮಕ್ಕಳ ಜೊತೆ ಒಬ್ಬ ಶಿಕ್ಷಕಿ ಹೊರಗೇ ಇರುತ್ತಾರೆ. ಕಾರಣ ಯಾರೂ ಕೇಳುವುದಿಲ್ಲ.

ಮಹಾಬಲೇಶ್ವರನ ಗುಡಿಯ ಆತ್ಮಲಿಂಗ ಇತರ ಲಿಂಗಗಳಂತೆ ಮೇಲಕ್ಕೆ ಎದ್ದು ನಿಂತಿಲ್ಲ. ಪೀಠದ ನಡುವಿನ ರಂಧ್ರದೊಳಗೆ ಅದರ ತುದಿಯಷ್ಟೇ ಸಿಗುತ್ತದೆ. ಇದು ಗೊತ್ತಿಲ್ಲದ ಮಕ್ಕಳು ಏನೂ ಕಾಣಲಿಲ್ಲವೆಂದು ಬೇಸರದಿಂದ ಹೊರಬರುತ್ತಾರೆ. ರಾವಣ ಲಿಂಗವನ್ನು ಎಳೆದ ಕಥೆಯನ್ನು, ಅವನ ಗುದ್ದಿನಿಂದ ಆಯಿತೆನ್ನುವ ಗಣಪತಿಯ ತಲೆಯ ಮೇಲಿನ ಕುಳಿಯ ವಿಷಯವನ್ನು ಹಿಂದಿನ ರಾತ್ರಿ ಮನೆಯಲ್ಲಿ ಹೇಳಿ. ದಂಡೆಯ ಮೇಲೆ, ಕೋಟಿತೀರ್ಥದ ಬಳಿ ಪಿತೃಕಾರ್ಯ ನಡೆಯುತ್ತಿರುತ್ತದೆ. ಅಲ್ಲಿ ಗಲಾಟೆ ಮಾಡಬಾರದೆಂದೂ ತಿಳಿಹೇಳಿ. ಪೂಜೆ, ಸಂಕಲ್ಪ ಮಾಡಿಸಲು ಮಕ್ಕಳ ಕೈಯಲ್ಲಿ ಹಣ ಕಳಿಸಬೇಡಿ. ಅವು ಕುಟುಂಬ ಸಮೇತ ಬಂದು ಮಾಡಿಸುವಂಥವು. ಕೈಖರ್ಚಿಗೆ 200 ರೂಪಾಯಿ ಸಾಕು. ಮೊಬೈಲ್, ಚಿನ್ನ ಬೇಡ.

ಮಧ್ಯಾಹ್ನ ಊಟದ ಬಳಿಕ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗುತ್ತೇವೆ. ಅಘನಾಶಿನಿ ನದಿಯ ಉಪ್ಪುನೀರನ್ನು ಒಳಬಿಟ್ಟು, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವ ಜಾಗ ಅದು. ಬಿಸಿಲು ಬಲಿಯದೆ ಉಪ್ಪು ಕೈಗೆ ಬರುವುದಿಲ್ಲ, ಆದರೆ ಗದ್ದೆ, ಬದು, ನೀರಿನ ದಾರಿ ನೋಡಲು ಸಿಗುತ್ತದೆ. ವಿಜ್ಞಾನ ಪಾಠದ ಬಾಷ್ಪೀಕರಣವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಹತ್ತಿರದಲ್ಲಿಲ್ಲ. ಬದುವಿನ ಮೇಲೆ ಮಾತ್ರ ನಡೆಯಬೇಕು. ಗದ್ದೆ ತುಳಿದರೆ ಹದಮಾಡಿದ ನೆಲ ಕೆಡುತ್ತದೆ.

ಜೊತೆಗೆ ಒಂದು ಲೀಟರ್ ನೀರು, ಟೋಪಿ, ಟವೆಲ್, ಒಂದು ಜೊತೆ ಬಟ್ಟೆ, ಎರಡು ಪ್ಲಾಸ್ಟಿಕ್ ಚೀಲ ಇರಲಿ. ಆಸ್ತಮಾ, ಫಿಟ್ಸ್, ಅಲರ್ಜಿ ಇದ್ದರೆ ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಔಷಧಿಯ ಹೆಸರು, ಪ್ರಮಾಣ ಬರೆಯಿರಿ. ಸಹಿ ಮಾಡಿದ ಪತ್ರ ಪ್ರವಾಸಕ್ಕೆ ಒಂದು ವಾರ ಮೊದಲು ತರಗತಿ ಶಿಕ್ಷಕರ ಕೈಸೇರಬೇಕು. ಫೋನಿನ ಒಪ್ಪಿಗೆ ನಡೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು