ಎಚ್‌ಐವಿ ಇದ್ದವರಿಗೂ ವಿಮೆ ಉಂಟು: ‘ಇಲ್ಲ’ ಎಂದರೆ ಬರೆಸಿಕೊಳ್ಳಿ

ಮಾನ್ಯ ಸಂಪಾದಕರೇ,

ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗದಲ್ಲಿ ಎಚ್‌ಐವಿ ಇರುವವರಿಗೆ ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಮನೆ ಮುಳುಗಿಸುವುದು ಆಸ್ಪತ್ರೆಯ ಒಳರೋಗಿ ಬಿಲ್ಲು. ಆದರೆ ‘ಈ ಕಾಯಿಲೆಗೆ ವಿಮೆ ಬರಂಗಿಲ್ಲ’ ಎಂದು ಬಾಯಿಮಾತಲ್ಲೇ ಸಾಗಹಾಕುವುದು ಇನ್ನೂ ನಿಂತಿಲ್ಲ.

ಆ ಮಾತು ತಪ್ಪು. ಎಚ್‌ಐವಿ ಇರುವವರಿಗೆ ಪಾಲಿಸಿ ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2023ರ ಫೆಬ್ರುವರಿ 27ರಂದೇ ಆರೋಗ್ಯ ವಿಮೆ ಮಾರುವ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಕೊಡುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲ ದೂರು ಕಂಪನಿಗೇ ಹೋಗಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ), ಶುಲ್ಕವಿಲ್ಲ. ಐಆರ್‌ಡಿಎಐ ಸಹಾಯವಾಣಿ 155255. ಸೋಂಕನ್ನು ಮುಚ್ಚಿಟ್ಟು ಮಾತ್ರ ಅರ್ಜಿ ತುಂಬಬೇಡಿ. ಕ್ಲೇಮು ಬಂದಾಗ ಹಳೆಯ ಎಆರ್‌ಟಿ ದಾಖಲೆ ಹೊರಬಿದ್ದರೆ ಹಣವೂ ಇಲ್ಲ, ಪಾಲಿಸಿಯೂ ರದ್ದು. ಸಹಿಗೆ ಮುಂಚೆ ಮೂರು ಸಂಗತಿ ನೋಡಿ: ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಕ್ಲೇಮು ಸಿಗದ ಆರಂಭದ ಕಾಲ) ಎಷ್ಟು, ಬಿಲ್ಲಿನಲ್ಲಿ ನಿಮ್ಮ ಪಾಲು ಶೇಕಡಾ ಎಷ್ಟು, ನೀವು ಹೋಗುವ ಆಸ್ಪತ್ರೆ ನಗದುರಹಿತ (ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ) ಪಟ್ಟಿಯಲ್ಲಿದೆಯೇ. ಜಮಖಂಡಿ, ಅಥಣಿಯವರು ಮಿರಜಕ್ಕೆ ಹೋಗುವುದೇ ಹೆಚ್ಚು, ಅಲ್ಲಿಯ ಹೆಸರು ಹುಡುಕಿ.

ಬಿಪಿಎಲ್ ಕಾರ್ಡಿದ್ದವರಿಗೆ ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಇಲ್ಲಿ ಕೆಲಸ ಕೆಡುವುದು ರೆಫರಲ್ ಚೀಟಿಯಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದವರು ಕೈಯಿಂದ ಕಟ್ಟಬೇಕಾಗುತ್ತದೆ. ಚೀಟಿಯಲ್ಲಿ ಬರೀ ‘ಎಚ್‌ಐವಿ ಪಾಸಿಟಿವ್’ ಎಂದಿದ್ದರೂ ಪ್ರಯೋಜನವಿಲ್ಲ; ಪಿತ್ತಕೋಶದ ಕಲ್ಲೋ ಹರ್ನಿಯಾವೋ, ಚಿಕಿತ್ಸೆ ಬೇಕಾದ ರೋಗದ ಹೆಸರೇ ಇರಬೇಕು, ಏಕೆಂದರೆ ಮಂಜೂರಾತಿ ಆ ರೋಗದ ಪ್ಯಾಕೇಜಿಗೆ (ಅದರ ಚಿಕಿತ್ಸೆಗೆ ನಿಗದಿಯಾದ ಮೊತ್ತಕ್ಕೆ). ವೈದ್ಯರು ಒಂದು ಸಾಲು ಹೆಚ್ಚು ಬರೆದರೆ ರೋಗಿಗೆ ಎರಡು ಓಡಾಟ ಉಳಿಯುತ್ತದೆ.

ಸೋಂಕಿನ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡದೆ ‘ಹುಬ್ಬಳ್ಳಿಗೆ ಒಯ್ಯಿರಿ’ ಎನ್ನುವುದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ–ಏಡ್ಸ್ ಕಾಯ್ದೆಯ ಉಲ್ಲಂಘನೆ. ಸೂಜಿ ಚುಚ್ಚಿ ಸೋಂಕು ತಗಲೀತೆಂಬ ಸಿಬ್ಬಂದಿಯ ಭಯಕ್ಕೆ ಮದ್ದಿದೆ: ಚುಚ್ಚಿದ 72 ಗಂಟೆಯೊಳಗೆ, ಆದಷ್ಟು 2 ಗಂಟೆಯೊಳಗೇ ಆರಂಭಿಸಿ 28 ದಿನ ನುಂಗುವ ಮಾತ್ರೆ. ಅದನ್ನು ದಾಸ್ತಾನಿಡದೆ ರೋಗಿಯನ್ನು ಹೊರಗಟ್ಟುವುದು ಅಕ್ಷಮ್ಯ.

ಈ ಕಾಯ್ದೆಯಡಿ ಬೇರೆ ಓಂಬುಡ್ಸ್‌ಮನ್ ಇದ್ದು, ವೈದ್ಯಕೀಯ ತುರ್ತಿದ್ದರೆ ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯೊಳಗೇ ಆದೇಶ ಕೊಡಬೇಕು. ಅವರ ವಿಳಾಸ, ಫೋನ್ ಸಂಖ್ಯೆಯನ್ನು ಮೂರೂ ಜಿಲ್ಲೆಗಳ ಪ್ರತಿ ಎಆರ್‌ಟಿ ಕೇಂದ್ರದ ಗೋಡೆಯ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗಳು ಬರೆಸಲಿ.

– ಆಪ್ತ ಸಮಾಲೋಚಕರು, ಬಾಗಲಕೋಟೆ