ಕ್ಯಾರಿಬು ಶಿಕಾರಿಯ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಾನು ಅಲಾಸ್ಕಾಕ್ಕೆ ಹೋಗಿ ಕ್ಯಾರಿಬು ಹೊಡೆದ ಸುದ್ದಿಗೆ ನೀನು ಕಳಿಸಿದ ಮೆಸೇಜು ಓದಿದೆ. ಕ್ಯಾರಿಬು ಅಂದರೆ ಉತ್ತರದ ಚಳಿನಾಡಿನ ದೊಡ್ಡ ಜಿಂಕೆ, ಹಿಮಸಾರಂಗದ ಜಾತಿ. "ಅಷ್ಟು ದೂರ ಹೋಗಿ ಒಂದು ಪ್ರಾಣಿ ಹೊಡೆಯಬೇಕಿತ್ತಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಉತ್ತರ ಹೇಳಹೊರಟರೆ ಅರ್ಧ ಹೇಳಿ ಅರ್ಧ ಬಿಟ್ಟುಬಿಡುತ್ತೇನೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದು.

ನಮ್ಮ ಮಲೆನಾಡಿನ ಕಡೆ ಶಿಕಾರಿ ಅಂದರೆ ಅಜ್ಜನ ಕಾಲದ ಮಾತು. ಹಳು ನುಗ್ಗಿ ಹಂದಿ ಎಬ್ಬಿಸುತ್ತಿದ್ದರು, ಕೋವಿ ಹಿಡಿದವರು ಕಾದು ಕೂರುತ್ತಿದ್ದರು, ಸಂಜೆ ಪಾಲು ಹಂಚುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕಾನೂನಿನ ಹೊರಗಾಯಿತು. ಆಗಬೇಕಾದದ್ದೇ ಆಯಿತು ಅಂತ ನಾನು ಈಗಲೂ ನಂಬುತ್ತೇನೆ. ನಾವಿಬ್ಬರೂ ಹುಟ್ಟಿದ್ದು ಆಮೇಲೆ. ಹಾಗಾಗಿ ಶಿಕಾರಿ ಅಂದರೆ ಕದ್ದು ಮಾಡುವ ಕೆಲಸ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಅಲಾಸ್ಕಾದಲ್ಲಿ ಅದಕ್ಕೆ ಎಣಿಕೆ ಇದೆ, ಹಂಗಾಮು ಇದೆ, ದಪ್ಪ ಪುಸ್ತಕದಷ್ಟು ನಿಯಮಗಳಿವೆ. ಅದಕ್ಕಿಂತ ಮುಖ್ಯವಾಗಿ, ಆ ಪ್ರಾಣಿಯನ್ನೇ ನಂಬಿ ಸಾವಿರಾರು ವರ್ಷ ಬದುಕಿದ ಜನ ಇನ್ನೂ ಅಲ್ಲೇ ಇದ್ದಾರೆ.

ಹೋಗಿದ್ದು ಬ್ರೂಕ್ಸ್ ಪರ್ವತಸಾಲಿನ ಉತ್ತರಕ್ಕೆ. ಫೇರ್‌ಬ್ಯಾಂಕ್ಸ್‌ನಿಂದ ಡಾಲ್ಟನ್ ಹೆದ್ದಾರಿ ಹಿಡಿಯಬೇಕು. ಎಣ್ಣೆ ಬಾವಿಗಳಿಗೆ ಸಾಮಾನು ಸಾಗಿಸಲು 1974ರಲ್ಲಿ ಮಾಡಿದ ರಸ್ತೆ ಅದು. ಉದ್ದ 666 ಕಿಲೋಮೀಟರ್, ಹೆಚ್ಚಿನದು ಜಲ್ಲಿ. ಪಕ್ಕದಲ್ಲೇ ಪೈಪ್‌ಲೈನು ಜೊತೆಗೆ ಬರುತ್ತಾ ಇರುತ್ತದೆ. ಅಟಿಗನ್ ಕಣಿವೆ ದಾಟುವ ಮೊದಲೇ ಮರಗಳು ಮುಗಿಯುತ್ತವೆ. ಆಚೆ ಬರೀ ಟುಂಡ್ರಾ. ಆಗಸ್ಟ್ ಕೊನೆ ಅಂದರೆ ಅಲ್ಲಿ ಆಗಲೇ ಶರತ್ಕಾಲ. ಮೊಣಕಾಲೆತ್ತರದ ಗಿಡಗಳೆಲ್ಲ ಕೆಂಪಾಗಿದ್ದವು. ಇಬ್ಬನಿ ಹೆಪ್ಪುಗಟ್ಟಿ ಸೊಳ್ಳೆಗಳು ಸತ್ತಿದ್ದವು, ಅದೊಂದು ಪುಣ್ಯ.

ಈ ರಸ್ತೆಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಯೂಕಾನ್ ನದಿಯಿಂದ ಉತ್ತರಕ್ಕೆ, ರಸ್ತೆಯ ಎರಡೂ ಬದಿ ಐದೈದು ಮೈಲಿ ಕೋವಿಯಿಂದ ಬೇಟೆ ಆಡುವಂತಿಲ್ಲ. ಬಿಲ್ಲುಬಾಣ ಆದರೆ ಆಗಬಹುದು. ಕೋವಿಯವರು ಒಂದೋ ಐದು ಮೈಲಿ ನಡೆಯಬೇಕು, ಇಲ್ಲವೇ ಸಣ್ಣ ವಿಮಾನದಲ್ಲಿ ಹೋಗಬೇಕು. ಐದು ಮೈಲಿ ಏನು ಮಹಾ ಅನ್ನಬೇಡ ಮಾರಾಯ. ಅಲ್ಲಿ ನೆಲ ಅಂದರೆ ಸಾಲು ಸಾಲು ಹುಲ್ಲಿನ ಉಂಡೆಗಳು, ನಡುವೆ ನೀರು. ಉಂಡೆಯ ಮೇಲೆ ಕಾಲಿಟ್ಟರೆ ಅದು ಪಕ್ಕಕ್ಕೆ ವಾಲುತ್ತದೆ. ಕೆಳಗಿಟ್ಟರೆ ಕಾಲು ಹೂತುಹೋಗುತ್ತದೆ. ಒಂದು ಮೈಲಿಗೆ ಒಂದು ಗಂಟೆ ಸಾಕಾಗುವುದಿಲ್ಲ. ನಾನೂ ನನ್ನ ಗೈಡೂ ವಿಮಾನ ಹಿಡಿದೆವು. ಒಬ್ಬ ಪೈಲಟ್, ಹಿಂದೆ ಒಬ್ಬರಿಗೆ ಜಾಗ. ನದಿಯ ಬೆಣಚುಕಲ್ಲಿನ ದಂಡೆಯ ಮೇಲೆ ಒಬ್ಬೊಬ್ಬರನ್ನೇ ಇಳಿಸಿ ಹೋದ.

ಆ ಸಂಜೆಯೇ ಸುಮಾರು ಮೂವತ್ತು ಕ್ಯಾರಿಬು ನಮ್ಮ ಟೆಂಟಿನ ಎದುರಿಗೇ ನದಿ ದಾಟಿದವು. ಗೈಡ್ ಸುಮ್ನೆ ಸ್ಟವ್ ಹಚ್ಚಿ ಚಹಾ ಮಾಡಿದರು. ಕೋವಿಯ ಚೀಲದ ಜಿಪ್ಪು ಕೂಡ ತೆಗೆಯಲಿಲ್ಲ. ವಿಮಾನದಲ್ಲಿ ಇಳಿದ ದಿನ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ಮೇಲಿನಿಂದ ಹಿಂಡು ನೋಡಿ, ಪಕ್ಕದಲ್ಲಿ ಇಳಿದು, ಹೊಡೆದು ಹೋಗುವುದನ್ನು ತಡೆಯಲು ಮಾಡಿದ ಕಾನೂನು. ಅಲ್ಲಿ ನೋಡುವವರು ಯಾರೂ ಇಲ್ಲ. ನೂರು ಮೈಲಿಗೆ ಒಬ್ಬ ಪೊಲೀಸ್ ಸಿಗುವುದಿಲ್ಲ. ಆದರೂ ಆ ಮನುಷ್ಯ ಚಹಾ ಲೋಟ ಕೈಗೆ ಕೊಟ್ಟು, "ಇವತ್ತು ಕಿವಿಗೊಟ್ಟು ಕೇಳು, ಅಷ್ಟೇ" ಅಂದರು.

ಕೇಳಿದೆ. ಕ್ಯಾರಿಬು ನಡೆಯುವಾಗ ಕಾಲಿನಿಂದ ಸದ್ದು ಬರುತ್ತದೆ. ಗೊರಸಿನ ಮೇಲಿನ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಚಟ್ ಚಟ್ ಅನ್ನುತ್ತದೆ. ಮೂವತ್ತು ಪ್ರಾಣಿ ಒಟ್ಟಿಗೆ ನಡೆದರೆ ನಮ್ಮ ಮನೆಗಳಲ್ಲಿ ಹತ್ತು ಜನ ಕೂತು ಅಡಿಕೆ ಸುಲಿಯುವಾಗ ಕೇಳುತ್ತಲ್ಲ, ಅದೇ ಸದ್ದು. ಗಂಡಿಗೂ ಹೆಣ್ಣಿಗೂ ಕೊಂಬು ಇರುತ್ತದೆ, ಜಿಂಕೆ ಜಾತಿಯಲ್ಲಿ ಬೇರೆ ಯಾವುದಕ್ಕೂ ಹಾಗಿಲ್ಲ. ಆ ಹೊತ್ತಿಗೆ ದೊಡ್ಡ ಗಂಡುಗಳು ಕೊಂಬಿನ ಮೇಲಿನ ಮಖಮಲ್ ಚರ್ಮವನ್ನು ಗಿಡಕ್ಕೆ ಉಜ್ಜಿ ಕಳಚುತ್ತಿದ್ದವು. ಒಂದರ ಕೊಂಬಿನಿಂದ ಕೆಂಪು ಚಿಂದಿಗಳು ನೇತಾಡುತ್ತಿದ್ದವು, ರಕ್ತ ಇನ್ನೂ ಹಸಿ. ನಾನು ಅದನ್ನು ಗಾಯ ಅಂದುಕೊಂಡು ಗೈಡ್ ಕಡೆ ನೋಡಿದೆ. ಅವರು ತಲೆ ಅಲ್ಲಾಡಿಸಿ, ಏನೂ ಆಗಿಲ್ಲ ಅಂತ ಸನ್ನೆ ಮಾಡಿದರು.

ಮರುದಿನ ಮಂಜು. ಗುಡ್ಡದ ನೆತ್ತಿಯಲ್ಲಿ ಕೂತು ದುರ್ಬೀನು ಹಿಡಿದು ಕಾಯುವುದೇ ಕೆಲಸ. ಮಧ್ಯಾಹ್ನ ಮಂಜು ಸರಿದಾಗ ಕೆಳಗಿನ ಕಣಿವೆಯಲ್ಲಿ ಒಂದು ಸಣ್ಣ ಗುಂಪು ಬಂತು. ಹೊಡೆಯುವಷ್ಟು ಹತ್ತಿರ. ಗೈಡ್ ಬೇಡ ಅಂದರು. ಉತ್ತರ ಅಲಾಸ್ಕಾದ ಮೂಲನಿವಾಸಿಗಳಾದ ಇನುಪಿಯಾಟ್ ಜನರ ಹಿರಿಯರು ಹೇಳುವ ಕ್ರಮ ಅದು. ವಲಸೆಯ ಮುಂದಾಳುಗಳನ್ನು ಮುಟ್ಟಬಾರದು, ಅವು ದಾರಿ ಮಾಡಿಕೊಂಡು ಹೋಗಲಿ, ಹಿಂದಿನವು ಅದೇ ದಾರಿ ಹಿಡಿದು ಬರುತ್ತವೆ. ಮುಂದಿನವನ್ನು ಬೆದರಿಸಿದರೆ ಇಡೀ ಹಿಂಡು ಬೇರೆ ಕಣಿವೆ ಹಿಡಿಯಬಹುದು, ಆಮೇಲೆ ಒಂದು ಊರಿಗೇ ಚಳಿಗಾಲದ ಊಟ ಇಲ್ಲ. ಇದು ಕಾನೂನು ಪುಸ್ತಕದಲ್ಲಿಲ್ಲ. ಗೈಡ್ ಅದನ್ನು ಕಲಿತದ್ದು ಆ ಜನರಿಂದ.

ನನಗೆ ಗೈಡ್ ಅಂದರೆ ಪ್ರಾಣಿ ತೋರಿಸುವವರು ಅಂತ ಇತ್ತು. ಹಾಗಲ್ಲ ಮಾರಾಯ. ಅಲ್ಲಿ ಪ್ರಾಣಿ ತಾನಾಗಿ ಕಾಣುತ್ತದೆ, ಮರೆಯಾಗಲು ಮರವೇ ಇಲ್ಲ. ನಾವು ಹಣ ಕೊಡುವುದು "ಬೇಡ" ಅಂತ ಹೇಳುವವರಿಗೆ. ಹಿಂದೆ ಇನ್ನೊಂದು ನಿಂತಿದೆ, ಗುಂಡು ದಾಟಿ ಅದಕ್ಕೂ ತಗಲುತ್ತದೆ, ಬೇಡ. ಅದು ಹೆಣ್ಣು, ಬೇಡ. ಗಾಳಿ ಜಾಸ್ತಿ ಇದೆ, ಬೇಡ. ಹೊಳೆಯ ಆಚೆ ಬಿದ್ದರೆ ಮಾಂಸ ಹೊತ್ತು ತರಲಾಗುವುದಿಲ್ಲ, ಬೇಡ. ಸಂಜೆವರೆಗೂ ಇದೇ ಆಯಿತು. ನನಗೆ ಒಂದು ಸಲವೂ ಬೇಸರ ಆಗಲಿಲ್ಲ. ಒಂದೊಂದು ಬೇಡದ ಹಿಂದೆಯೂ ಕಾರಣ ಇತ್ತು, ಪಿಸುಮಾತಿನಲ್ಲೇ ಕಾರಣ ಹೇಳುತ್ತಿದ್ದರು.

ಹೊಡೆದದ್ದು ಅದರ ಮಾರನೇ ದಿನ. ಮಧ್ಯವಯಸ್ಸಿನ ಒಂಟಿ ಗಂಡು, ಇನ್ನೂರು ಗಜ ದೂರ, ಪಕ್ಕಕ್ಕೆ ತಿರುಗಿ ನಿಂತಿತ್ತು. ಬೆನ್ನುಚೀಲದ ಮೇಲೆ ಕೋವಿ ಊರಿ ಒಂದೇ ಈಡು. ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಕೂದಲು ಎಷ್ಟು ದಟ್ಟ ಅಂದರೆ ಬೆರಳು ಚರ್ಮಕ್ಕೆ ಮುಟ್ಟುವುದಿಲ್ಲ. ಒಂದೊಂದು ಕೂದಲೂ ಒಳಗೆ ಟೊಳ್ಳು, ಅದರಲ್ಲಿ ನಿಂತ ಗಾಳಿಯೇ ಚಳಿ ತಡೆಯುವುದು. ಸಂಕಟ ಆಯಿತಾ ಅಂತ ಕೇಳುತ್ತೀಯ. ಆಯಿತು. ಆಗಬೇಕು ಕೂಡ. ಕೋಳಿ ಅಂಗಡಿಯಲ್ಲಿ ತೂಕ ಹಾಕಿಸುವಾಗ ನನಗೆ ಅದು ಯಾವತ್ತೂ ಆಗಿಲ್ಲ ಅನ್ನುವುದು ಅಲ್ಲಿ ನಿಂತಾಗ ನೆನಪಾಯಿತು.

ಅಲ್ಲಿಂದ ಮುಂದೆ ನಿಜವಾದ ಕೆಲಸ. ಮೊದಲು ಪ್ರಾಣಿಗೆ ಬೇಟೆ ಪರವಾನಗಿಯ ಲೋಹದ ಟ್ಯಾಗ್ ಬಿಗಿದು ಬೀಗ ಹಾಕಬೇಕು. ಆಮೇಲೆ ಪ್ರಾಣಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನುಮೂಳೆಯ ಉದ್ದಕ್ಕೂ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಬಿಡಿಸುತ್ತಾ ಹೋಗುತ್ತಾರೆ. ಹೊಟ್ಟೆ ಒಡೆಯುವುದಿಲ್ಲ. ಮುಂಗಾಲನ್ನು ಮೈಗೆ ಜೋಡಿಸುವ ಮೂಳೆಯ ಕೀಲು ಇಲ್ಲ, ಚಾಕು ಆಡಿಸಿದರೆ ಬಿಟ್ಟುಬರುತ್ತದೆ. ಹಿಂದೊಡೆಗೆ ಸೊಂಟದ ಗುಂಡು ಕೀಲನ್ನು ಹುಡುಕಿ ಬಿಡಿಸಬೇಕು. ಬೆನ್ನಿನ ಉದ್ದನೆಯ ಮಾಂಸ, ಕುತ್ತಿಗೆ, ಎದೆ, ಪಕ್ಕೆಲುಬಿನ ನಡುವಿನ ಪಟ್ಟಿಗಳು ಎಲ್ಲವನ್ನೂ ತೆಗೆಯಬೇಕು. ಒಳಗಿನ ಮೆತ್ತನೆ ತುಂಡನ್ನು ಕೊನೆಯ ಪಕ್ಕೆಯ ಹಿಂದೆ ಕೈ ಹಾಕಿ ಬಿಡಿಸುತ್ತಾರೆ. ನಂತರ ಮಗ್ಗುಲು ಬದಲಿಸಿ ಮತ್ತೆ ಅದೇ. ಗೈಡ್ ಕೈ ಕೆಲಸ ನೋಡುವಾಗ ನನಗೆ ಮಾತೇ ಹೊರಡಲಿಲ್ಲ. ಒಂದು ಎಳೆ ಮಾಂಸ ಮೂಳೆಯಲ್ಲಿ ಉಳಿದಿದ್ದರೂ ಚಾಕು ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಗಂಡು ಅನ್ನುವುದಕ್ಕೆ ಸಾಕ್ಷಿಯನ್ನು ಒಂದು ತೊಡೆಗೆ ಅಂಟಿದಂತೆಯೇ ಬಿಡಬೇಕು, ಅದೂ ನಿಯಮ.

ತಿನ್ನುವ ಮಾಂಸ ಬಿಟ್ಟುಬರುವುದು ಅಲಾಸ್ಕಾದಲ್ಲಿ ಅಪರಾಧ. ಕೊಂಬನ್ನು ಮೊದಲು ಹೊತ್ತು ತರುವಂತೆಯೂ ಇಲ್ಲ. ಮಾಂಸ ಎಲ್ಲ ಬಂದ ಮೇಲೆ, ಇಲ್ಲವೇ ಕೊನೆಯ ಹೊರೆಯ ಜೊತೆಗೆ ಕೊಂಬು. ಈ ಒಂದು ನಿಯಮ ಮಾಡಿದವರಿಗೆ ನನ್ನ ನಮಸ್ಕಾರ. ಗೋಡೆಗೆ ಕೊಂಬು ಹಾಕಲು ಬರುವವನಿಗೆ ಮೊದಲು ಬೆನ್ನು ಬಗ್ಗಿಸುತ್ತದೆ ಅದು. ತೊಡೆ ಇಟ್ಟ ಚೀಲ ಹೊತ್ತು ಆ ಹುಲ್ಲುಂಡೆಗಳ ಮೇಲೆ ನಡೆದದ್ದು ನನ್ನ ಮಂಡಿಗೆ ಇನ್ನೂ ನೆನಪಿದೆ. ಮಾಂಸವನ್ನು ಬಟ್ಟೆ ಚೀಲಗಳಲ್ಲಿ ಹಾಕಿ, ಕಡಿದ ಕಡ್ಡಿಗಳ ಮೇಲೆ ಗಾಳಿಯಾಡುವಂತೆ ಜೋಡಿಸಿದೆವು. ಮೇಲೆ ಒಣ ಪದರ ಕಟ್ಟಿದರೆ ಬೇಗ ಕೆಡುವುದಿಲ್ಲ. ಟೆಂಟಿನಿಂದ ದೂರ, ಆದರೆ ಕಣ್ಣಿಗೆ ಕಾಣುವ ಹಾಗೆ. ಕರಡಿ ಬರುವ ಜಾಗ ಅದು.

ರಾತ್ರಿ ಪಕ್ಕೆಲುಬಿನ ಮಾಂಸ ಬೇಯಿಸಿದೆವು, ಉಪ್ಪು ಬಿಟ್ಟು ಏನೂ ಇಲ್ಲ. ಅರ್ಧದಷ್ಟು ಮಾಂಸ ಅಲ್ಲಿಯ ಹಳ್ಳಿಯೊಂದರ ಮನೆಗಳಿಗೆ ಹೋಯಿತು. ಉಳಿದದ್ದನ್ನು ನಾನಿರುವ ಸಿಯಾಟಲ್‌ಗೆ ತಂದೆ. ಕೊಬ್ಬು ಇಲ್ಲದ ಮಾಂಸ, ನಮ್ಮ ಕಡೆಯ ಹಾಗೆ ಕಾಯಿ ಅರೆದು ಸಾರು ಮಾಡಿ ಕಡುಬಿನ ಜೊತೆ ಬಡಿಸಿದೆ. ಮಕ್ಕಳು ತಿಂದರು. ಎಲ್ಲಿಂದ ಬಂತು ಅಂತ ಪೂರ್ತಿ ಹೇಳಿಯೇ ಬಡಿಸಿದ್ದು.

ಈಗ ನಿನ್ನ ಪ್ರಶ್ನೆಯ ಗಟ್ಟಿ ಭಾಗ. ಹಿಂಡುಗಳು ಕರಗುತ್ತಿವೆಯಲ್ಲ, ಆಗಲೂ ಹೊಡೆಯುವುದು ಸರಿಯಾ ಅಂತ. ಕರಗುತ್ತಿವೆ, ನಿಜ. ಪಶ್ಚಿಮ ಆರ್ಕ್ಟಿಕ್ ಹಿಂಡು 2003ರಲ್ಲಿ 4.9 ಲಕ್ಷ ಇತ್ತು, 2023ರಲ್ಲಿ ಸುಮಾರು 1.52 ಲಕ್ಷ. ಕೆನಡಾದ ಬಾತರ್ಸ್ಟ್ ಹಿಂಡಿನ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ: 1986ರಲ್ಲಿ 4.7 ಲಕ್ಷದಷ್ಟಿದ್ದದ್ದು 2021ರ ಎಣಿಕೆಯಲ್ಲಿ ಆರು ಸಾವಿರದ ಚಿಲ್ಲರೆ. ನಾನು ಹೋದದ್ದು ಸೆಂಟ್ರಲ್ ಆರ್ಕ್ಟಿಕ್ ಹಿಂಡಿನ ಜಾಗ. ಅದು 1970ರ ದಶಕದಲ್ಲಿ ಐದು ಸಾವಿರದಷ್ಟು, 2010ರಲ್ಲಿ ಎಪ್ಪತ್ತು ಸಾವಿರದ ಹತ್ತಿರ, 2016ಕ್ಕೆ ಇಪ್ಪತ್ತೆರಡು ಸಾವಿರಕ್ಕೆ ಇಳಿಯಿತು. ಆಮೇಲೆ ಸ್ವಲ್ಪ ಚೇತರಿಸಿಕೊಂಡಿದೆ. ಈ ಹಿಂಡುಗಳು ಹಿಂದೆಯೂ ಏರಿ ಇಳಿದಿವೆ. ಆದರೆ ಈಗ ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬೀಳುವುದು ಜಾಸ್ತಿಯಾಗಿದೆ. ಮಳೆ ನೀರು ಗಟ್ಟಿ ಮಂಜುಗಡ್ಡೆಯಾದರೆ ಗೊರಸಿನಿಂದ ಕೆರೆದರೂ ಕೆಳಗಿನ ಕಲ್ಲುಹೂವು ಸಿಗುವುದಿಲ್ಲ. ಅದರ ಜೊತೆಗೆ ವಲಸೆ ದಾರಿಗೆ ಅಡ್ಡ ರಸ್ತೆಗಳು, ಗಣಿಗಳು.

ಅದಕ್ಕೇ ಎಲ್ಲಿ ಬೇಟೆ, ಯಾರಿಗೆ ಬೇಟೆ ಅನ್ನುವುದು ದೊಡ್ಡ ವಿಷಯ. ಪಶ್ಚಿಮದ ನೊವಾಟಕ್ ನದಿಯ ಸುತ್ತ ಹೊರಗಿನವರ ವಿಮಾನಗಳಿಂದ ಹಿಂಡು ಚದುರುತ್ತಿದೆ ಅಂತ ಅಲ್ಲಿಯ ಜನ ವರ್ಷಗಟ್ಟಲೆ ಹೇಳಿದರು. 2022ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರದ ಜಾಗದ ಒಂದು ದೊಡ್ಡ ಭಾಗವನ್ನು ಹೊರಗಿನ ಬೇಟೆಗಾರರಿಗೆ ಹಂಗಾಮಿನಲ್ಲಿ ಮುಚ್ಚಿದರು. ಸರಿಯಾಗಿಯೇ ಮಾಡಿದರು ಅನ್ನುತ್ತೇನೆ. ಕೋಬುಕ್ ನದಿಯ ಆನಿಯನ್ ಪೋರ್ಟೇಜ್ ಅನ್ನುವ ದಾಟುಜಾಗದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ವರ್ಷಗಳಿಂದ ಜನ ಕ್ಯಾರಿಬು ಕಾದು ಹಿಡಿದ ಗುರುತುಗಳಿವೆ. ಅವರ ಮಕ್ಕಳ ತಟ್ಟೆ ತುಂಬಿದ ಮೇಲೆ ನನ್ನದು. ಅಲ್ಲಿ ಕಡಿಮೆ ಬಿದ್ದರೆ ನಾನು ಮನೆಯಲ್ಲೇ ಇರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೀನು ಕೊನೆಯಲ್ಲಿ "ಬೇಟೆ ಬೇಡ, ಆದರೆ ಆ ಹಿಂಡು ನೋಡಬೇಕು, ಮುಂದಿನ ವರ್ಷ ಬರಲಾ?" ಅಂತ ಬರೆದಿದ್ದೀಯಲ್ಲ. ಬಾ. ಕ್ಯಾಮೆರಾ ಹಿಡಿದು ಬಂದರೂ ಒಳ್ಳೆಯ ಗೈಡ್ ಬೇಕೇ ಬೇಕು. ಮನಸ್ಸು ಬದಲಾಗಿ ಕೋವಿ ಹಿಡಿಯುವುದಾದರೆ ಒಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ ವಾಸ ಇರುವ ನನ್ನಂಥವನಿಗೆ ಕ್ಯಾರಿಬುಗೆ ಗೈಡ್ ಕಡ್ಡಾಯವಲ್ಲ, ನಾನು ಬೇಕು ಅಂತಲೇ ಗೈಡ್ ಹಿಡಿದೆ. ಭಾರತದಿಂದ ಬರುವ ನಿನಗೆ ಲೈಸೆನ್ಸ್ ಇರುವ ಗೈಡ್ ಜೊತೆಗಿಲ್ಲದೆ ಆಗುವುದೇ ಇಲ್ಲ. ಟ್ರಾನ್ಸ್‌ಪೋರ್ಟರ್ ಅಂತ ಇನ್ನೊಂದು ಬಗೆಯವರಿದ್ದಾರೆ. ಅವರು ಕರೆದೊಯ್ದು ಇಳಿಸಿ ಬರಬಹುದು, ಬೇಟೆಗೆ ಕೈ ಹಾಕುವಂತಿಲ್ಲ. ಖರ್ಚು ಕಡಿಮೆ ಅಂತ ಅವರನ್ನು ಹಿಡಿಯಬೇಡ.

ಯಾರ ಜೊತೆಗಾದರೂ ಮಾತಾಡುವ ಮೊದಲು ಕೇಳು: ಯಾವ ಹಿಂಡು, ಮಾಂಸ ಎಲ್ಲಿಗೆ ಹೋಗುತ್ತದೆ, ಎಷ್ಟು ಜನ ಬರಿಗೈಯಲ್ಲಿ ವಾಪಸ್ ಹೋಗಿದ್ದಾರೆ. "ನೂರಕ್ಕೆ ನೂರು ಸಿಗುತ್ತೆ" ಅಂದವರನ್ನು ಅಲ್ಲೇ ಬಿಡು. ವಾಪಸ್ ಹೋಗುವ ಟಿಕೆಟ್ಟನ್ನು ನಾಲ್ಕೈದು ದಿನ ಜಾಸ್ತಿ ಇಟ್ಟು ತಗೋ, ಮಂಜು ಕವಿದರೆ ವಿಮಾನ ಬರುವುದಿಲ್ಲ. ಮೊಣಕಾಲವರೆಗಿನ ರಬ್ಬರ್ ಬೂಟು ಊರಿನಿಂದ ತರಬೇಡ, ಇಲ್ಲಿಯೇ ಕೊಳ್ಳೋಣ. ಈಗಿನಿಂದಲೇ ಭಾರ ಹೊತ್ತು ಗುಡ್ಡ ಹತ್ತುವ ಅಭ್ಯಾಸ ಮಾಡು.

ಹಿಂಡು ಯಾವುದು ಅಂತ ಗೊತ್ತಾದ ಕೂಡಲೇ ನನಗೆ ಬರೆ. ಅದರ ಹೊಸ ಎಣಿಕೆ ನೋಡಿ, ಹೋಗಬಹುದಾ ಬೇಡವಾ ಹೇಳುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ